ನೀರು ಕುಡಿಯದ ಕಂಡಕ್ಟರಮ್ಮ

ಹಳೆಯ ಕೈಚೀಲವೊಂದನ್ನು ಮೊನ್ನೆ ಎಸೆಯಲೆಂದು ತೆಗೆದೆ. ಎಸೆಯುವ ಮುನ್ನ ಒಳಜೇಬುಗಳನ್ನೆಲ್ಲ ತಡಕುವುದು ನನ್ನ ಅಭ್ಯಾಸ. ಮೂಲೆಯಲ್ಲಿ ಬಸ್ ಟಿಕೆಟ್ಟಿನ ಕಾಗದದಲ್ಲಿ ಸುತ್ತಿದ ಸಣ್ಣ ಗಂಟೊಂದು ಸಿಕ್ಕಿತು. ಅಕ್ಷರಗಳು ಅಳಿಸಿ ಕಾಗದ ಬೆಳ್ಳಗಾಗಿತ್ತು. ಬಿಚ್ಚಿದರೆ ಒಣಗಿ ಕಪ್ಪಾದ ಉಪ್ಪು ನೆಲ್ಲಿಕಾಯಿಯ ಎರಡು ಹೋಳು. ಮೂಗಿನ ಹತ್ತಿರ ಹಿಡಿದೆ. ಹುಳಿ, ಉಪ್ಪು, ಒಂಚೂರು ಡೀಸೆಲ್ಲಿನ ವಾಸನೆ... ಡೀಸೆಲ್ಲು ನನ್ನ ಭ್ರಮೆಯೇ ಇರಬೇಕು. ಹಾಗೇ ಮಂಚದ ಮೇಲೆ ಕುಳಿತುಬಿಟ್ಟೆ.

ಅದನ್ನು ಕೊಟ್ಟವರು ನಮ್ಮ ಬಸ್ಸಿನ ಕಂಡಕ್ಟರಮ್ಮ. ಹೆಸರಿನ ಪಟ್ಟಿ ಖಾಕಿ ಅಂಗಿಯ ಮೇಲೇ ಇತ್ತು. ಆದರೂ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಪಾಂಡವಪುರದಿಂದ ನಾಗಮಂಗಲದ ಮೇಲೆ ಬೆಳ್ಳೂರು ಕ್ರಾಸಿಗೆ ಹೋಗುವ ಬೆಳಗಿನ ಬಸ್ಸು ಅದು. ಬೆಳ್ಳೂರಿನ ಹತ್ತಿರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಹೋಗುವಾಗಲೂ ಅವರದೇ ಬಸ್ಸು, ಸಂಜೆ ಬರುವಾಗಲೂ ಅವರದೇ ಬಸ್ಸು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲಂತೂ ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ನೂಕುನುಗ್ಗಲಲ್ಲಿ ಅವರ ಗಂಟಲೊಂದು ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ಓಡಾಡುತ್ತಿತ್ತು.

"ಲೇ, ಬಾಗ್ಲಲ್ಲಿ ನೇತಾಕ್ಕಂಡು ಏನ್ಲಾ ಮಾಡ್ತಿದ್ದೀಯ? ಒಳೀಕ್ ನಡಿ. ಬಿದ್ರೆ ನಿಮ್ಮವ್ವಂಗೆ ನಾನೇನ್ ಏಳ್ಲಿ?"

ಕಾಲೇಜಿನ ಹುಡುಗರು ಮರುಮಾತಿಲ್ಲದೆ ಒಳಗೆ ಬರುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ತಿಂಡಿ ತಿಂದು, ಕಾಫಿ, ನೀರು ಎಲ್ಲ ಕುಡಿದು ಬಸ್ಸು ಹತ್ತುತ್ತಿದ್ದೆ. ನಾಗಮಂಗಲ ದಾಟುವ ಹೊತ್ತಿಗೆ ಪ್ರತಿ ಗುಂಡಿಯೂ ಹೊಟ್ಟೆಗೇ ಬಡಿದಂತಾಗಿ ಸೀಟಿನ ಕಂಬಿ ಹಿಡಿದು ಕೂರುತ್ತಿದ್ದೆ. ಅವರು ಅದನ್ನು ನೋಡಿ ಅರ್ಥ ಮಾಡಿಕೊಂಡರು. ಒಂದು ದಿನ ಪಕ್ಕಕ್ಕೆ ಬಾಗಿ ಪಿಸುದನಿಯಲ್ಲಿ, "ಮಿಸ್ಸೇ, ಬೆಳಗ್ಗೆ ನೀರ್ ಕುಡೀಬ್ಯಾಡಿ" ಎಂದು ಆ ದಾರಿಯ ಗುಟ್ಟು ಹೇಳಿಕೊಟ್ಟರು. ಅರ್ಧ ಲೋಟ ಕಾಫಿ ಸಾಕು. ಬಾಯಿ ಒಣಗಿದರೆ ಮುಕ್ಕಳಿಸಿ ಕಿಟಕಿಯಿಂದ ಉಗಿದುಬಿಡಬೇಕು, ನುಂಗಬಾರದು. ಅದಕ್ಕೂ ಮೀರಿದರೆ ನಾಲಿಗೆ ಕೆಳಗೆ ಒಂದು ಹೋಳು ಉಪ್ಪು ನೆಲ್ಲಿಕಾಯಿ. ಅವರ ಜೇಬಲ್ಲಿ ಅದು ಸದಾ ಇರುತ್ತಿತ್ತು. "ಆರ್ ವರ್ಸದಿಂದ ಇಂಗೇ ಮಾಡ್ತಿವ್ನಿ, ಏನೂ ಆಗಿಲ್ಲ ಬುಡಿ" ಎಂದರು. ನಾನು ಕಲಿತೆ. ಕಲಿತದ್ದಷ್ಟೇ ಅಲ್ಲ, ನಮ್ಮ ಶಾಲೆಗೆ ಬಂದ ಹೊಸ ಟೀಚರಿಗೂ ಹೇಳಿಕೊಟ್ಟೆ.

ಕ್ರಾಸಿನಲ್ಲಿ ಬಸ್ಸು ಹದಿನೈದು ನಿಮಿಷ ನಿಲ್ಲುತ್ತಿತ್ತು. ಡ್ರೈವರಣ್ಣ ಇಳಿದು ಎಲ್ಲೋ ಒಂದು ಗೋಡೆ ನೋಡಿಕೊಂಡು ಬಂದು ಟೀ ಕುಡಿಯುತ್ತಿದ್ದರು. ನಾವಿಬ್ಬರು ಹೋಟೆಲುಗಳ ಹಿಂದಿನ ಓಣಿಯಲ್ಲಿ ಬಿರಬಿರನೆ ನಡೆದು ಒಬ್ಬ ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ಅಜ್ಜಿಯ ಹಿತ್ತಲಿನಲ್ಲಿ ಶೌಚಾಲಯವಿತ್ತು. ಕಂಡಕ್ಟರಮ್ಮ ಎಂದೋ ಒಂದು ಸಲ ತಡೆಯಲಾಗದೆ ಬಾಗಿಲು ತಟ್ಟಿ ಕೇಳಿದ್ದರಂತೆ. ಅಂದಿನಿಂದ ಅಜ್ಜಿ ಬಕೆಟ್ಟು ತುಂಬಿಸಿಟ್ಟು ಕಾಯುತ್ತಿದ್ದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಡ್ಯೂಟಿಯ ದಿನವೆಲ್ಲ ಅವರಿಗೆ ಅಷ್ಟೇ.

ಎರಡು ವರ್ಷದ ಹಿಂದಿನ ಬೇಸಿಗೆ. ಮೂತ್ರಕ್ಕೆ ಹೋದರೆ ಉರಿ ಎಂದು ಓಣಿಯಲ್ಲಿ ನಡೆಯುತ್ತಾ ಹೇಳಿದರು. ಎಳನೀರು ಕುಡಿದರೆ ಸರಿಹೋಗುತ್ತದೆ ಎಂದು ಅವರೇ ತೀರ್ಮಾನವನ್ನೂ ಹೇಳಿದರು. ವಾರ ಕಳೆಯಿತು. ಒಂದು ಬೆಳಿಗ್ಗೆ ಆ ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡು ಬಂದಿದ್ದರು. ನಡುಕ, ಜ್ವರ, ಸೊಂಟದ ಮೇಲೆ ಬೆನ್ನಲ್ಲಿ ನೋವು. ರಜ ಹಾಕಿ ಡಾಕ್ಟರಿಗೆ ತೋರಿಸಿ ಎಂದೆ.

"ಬದ್ಲಿ ಬರೋರ್ ಯಾರು ಮಿಸ್ಸೇ? ಎಲ್ಲಾ ಮದ್ವೆ ಮದ್ವೆ ಅಂತ ರಜ ಆಕವ್ರೆ. ಬಸ್ ನಿಂತೋದ್ರೆ ನೀವೇ ಎಂಗ್ ಹೋಗ್ತೀರಿ?"

ನನ್ನ ಮಂಡಿನೋವಿಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ನೋವಿನ ಮಾತ್ರೆಯ ಅರ್ಧ ಹಾಳೆಯನ್ನು ಹಾಗೇ ಕೊಟ್ಟೆ. ಊಟ ಆದ ಮೇಲೆ ತಗೊಳ್ಳಿ ಎಂದು ದೊಡ್ಡ ಡಾಕ್ಟರಂತೆ ಹೇಳಿಯೂ ಹೇಳಿದೆ. ಮಾತ್ರೆ ನುಂಗಿದರೆ ಜ್ವರ ಇಳಿಯುತ್ತಿತ್ತು, ಅವರು ಮತ್ತೆ ಟಿಕೆಟ್ ಹರಿಯುತ್ತಿದ್ದರು. ಹಾಳೆ ಮುಗಿದಾಗ ಇನ್ನೊಂದನ್ನು ನಾನೇ ತಂದುಕೊಟ್ಟೆ.

ಮೂರನೆಯ ದಿನ ಕ್ರಾಸಿನಲ್ಲಿ ಅವರು ಇಳಿಯಲಿಲ್ಲ. ನಂಗ್ ಬಂದಿಲ್ಲ, ನೀವ್ ಹೋಗ್ಬನ್ನಿ ಎಂದರು. ಸಂಜೆಯೂ ಅದೇ ಮಾತು. ಮರುದಿನ ಅಜ್ಜಿಯ ಮನೆಯಿಂದ ನಾನು ಓಡೋಡಿ ಬಂದಾಗ ಅವರು ತಮ್ಮ ಸೀಟಿಗೆ ಒರಗಿ ಕುಳಿತಿದ್ದರು. ಮುಖ ಊದಿಕೊಂಡಿತ್ತು, ಆದರೂ ನಕ್ಕರು.

"ನೆನ್ನೆಯಿಂದ ಹೋಗೇ ಇಲ್ಲ ಕಣ್ ಮಿಸ್ಸೇ. ಎಂಗೋ ಇದೊಂದ್ ಕಾಟ ತಪ್ತು."

"ಪುಣ್ಯವಂತರು ಬಿಡಿ ನೀವು" ಎಂದು ನಾನೂ ನಕ್ಕೆ.

ಹತ್ತನೇ ತರಗತಿಗೆ ವಿಸರ್ಜನೆಯ ಪಾಠ ಮಾಡುವವಳು ನಾನು. ಬೋರ್ಡಿನ ಮೇಲೆ ಎರಡು ಮೂತ್ರಪಿಂಡ ಬರೆದು, ನಾಳ ಎಳೆದು, ಭಾಗಗಳನ್ನು ಗುರುತಿಸಿ ಎಂದು ಮಕ್ಕಳಿಗೆ ಅಂಕ ಕೊಡುವವಳು. ನನ್ನ ಕಣ್ಣೆದುರಿಗೇ ಒಬ್ಬ ಹೆಂಗಸಿನ ಮೂತ್ರಪಿಂಡ ನಿಂತುಹೋಗಿತ್ತು, ನಾನು ಅದನ್ನು ಪುಣ್ಯ ಎಂದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅದರ ಮರುದಿನ ನಾಗಮಂಗಲ ಇನ್ನೂ ನಾಲ್ಕೈದು ಮೈಲಿ ಇರುವಾಗ ಕಂಡಕ್ಟರಮ್ಮ ಒಬ್ಬ ಮುದುಕಿಯನ್ನು ಎಲ್ಲಿಗೆ ಎಂದು ಕೇಳಿದರು. ಮುದುಕಿ ಹೇಳಿದರು. ಮತ್ತೆ ಕೇಳಿದರು. ಮೂರನೆಯ ಸಲ ಕೇಳುತ್ತಲೇ ಕಂಬಿ ಬಿಟ್ಟು ನನ್ನ ಕಡೆಗೆ ಕುಸಿದರು. ಮೈ ಕೆಂಡವಾಗಿತ್ತು, ಏದುಸಿರು ಬಿಡುತ್ತಿದ್ದರು. ಡ್ರೈವರಣ್ಣ ಎಲ್ಲಿಯೂ ನಿಲ್ಲಿಸದೆ ತುಂಬಿದ ಬಸ್ಸನ್ನು ಹಾಗೆಯೇ ಆಸ್ಪತ್ರೆಯ ಬಾಗಿಲಿಗೆ ತಂದರು. ದಾರಿಯಲ್ಲಿ ಇಳಿಯಬೇಕಾದವರು ಒಬ್ಬರೂ ನಿಲ್ಲಿಸಿ ಎನ್ನಲಿಲ್ಲ.

ತುರ್ತು ವಿಭಾಗದಲ್ಲಿ ಇದ್ದದ್ದು ಒಬ್ಬ ಎಳೆಯ ಲೇಡಿ ಡಾಕ್ಟರು. ಬೈಕಿನಲ್ಲಿ ಧಾವಿಸಿ ಬಂದ ಕಂಡಕ್ಟರಮ್ಮನ ಗಂಡ, ಗಂಡನ ಅಣ್ಣ, ಡ್ರೈವರಣ್ಣ, ಬಸ್ಸಿನ ಇನ್ನೂ ನಾಲ್ಕು ಗಂಡಸರು ಮಂಚದ ಸುತ್ತ ನಿಂತಿದ್ದರು. ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ ಎಂದು ಡಾಕ್ಟರು ಕೇಳಿದರು. ಗಂಡ ಅಣ್ಣನ ಮುಖ ನೋಡಿದರು. ಡ್ರೈವರಣ್ಣ ನೆಲ ನೋಡಿದರು. ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಅಷ್ಟು ಗಂಡಸರ ನಡುವೆ ಆ ಮಾತು ಬಾಯಿಗೆ ಬರಲಿಲ್ಲ... ಡಾಕ್ಟರು ಹೊರಗೆ ಬಂದ ಮೇಲೆ ಹಿಂದೆಯೇ ಹೋಗಿ, "ಎರಡು ದಿನ ಆಯ್ತು" ಎಂದೆ. ಅವರು ನನ್ನನ್ನು ದಿಟ್ಟಿಸಿದರು. ಏನಾದರೂ ಮಾತ್ರೆ ತೆಗೆದುಕೊಂಡಿದ್ದರಾ ಎಂದು ಕೇಳಿದಾಗ ಹೆಸರು ಹೇಳಿದೆ. ಕೊಟ್ಟವರ್ಯಾರು ಎಂದರು. ನಾನೇ ಎಂದೆ. ಅವರು ಬೈಯಲಿಲ್ಲ, ಚೀಟಿಯಲ್ಲಿ ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮೂತ್ರದ ಸೋಂಕು ಮೇಲೇರಿ ರಕ್ತಕ್ಕೆ ಸೇರಿದೆ, ಬಿಪಿ ಬಿದ್ದಿದೆ, ಮೈಯಲ್ಲಿ ಮೊದಲೇ ನೀರಿಲ್ಲ, ಮೇಲೆ ಆ ಮಾತ್ರೆ ಬೇರೆ, ಎರಡೂ ಕಿಡ್ನಿ ಕೈಬಿಟ್ಟಿವೆ ಎಂದರು. ಉರಿ ಎಂದಾಗಲೇ ಬಂದಿದ್ದರೆ ಮಾತ್ರೆಯಲ್ಲೇ ಹೋಗುವ ಕಾಯಿಲೆ ಎಂದೂ ಹೇಳಿದರು. ಅಂದೇ ಮೈಸೂರಿಗೆ ಕಳಿಸಿದರು.

ಭಾನುವಾರ ನೋಡಲು ಹೋದೆ. ಡಯಾಲಿಸಿಸ್ ಆಗಿತ್ತು, ಸ್ವಲ್ಪ ಎಚ್ಚರವಿತ್ತು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ನನ್ನ ಕೈ ಹಿಡಿದು, "ಮಿಸ್ಸೇ, ಒಂದ್ ಲೋಟ ನೀರ್ ಕೊಡ್ಸಿ" ಎಂದರು. ನರ್ಸಮ್ಮ ತಲೆಯಾಡಿಸಿದರು. ಮೂತ್ರ ಬರುತ್ತಿಲ್ಲವಾದ್ದರಿಂದ ನೀರು ಶ್ವಾಸಕೋಶಕ್ಕೆ ಇಳಿಯುತ್ತದಂತೆ. ಎರಡು ಚಮಚ ಮಾತ್ರ. ಆ ಎರಡು ಚಮಚವನ್ನು ನಾನೇ ಕುಡಿಸಿದೆ. ಅವರು ಅದನ್ನು ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡಿದ್ದರು. ಮಂಗಳವಾರ ಹೋಗಿಬಿಟ್ಟರು.

ಈಗ ಆ ಬಸ್ಸಿಗೆ ಒಬ್ಬ ಗಂಡಸು ಕಂಡಕ್ಟರು ಬಂದಿದ್ದಾರೆ, ಒಳ್ಳೆಯವರು. ನಾನು ಬಾಟಲಿ ತುಂಬಾ ನೀರು ತರುತ್ತೇನೆ, ಕುಡಿಯುತ್ತೇನೆ. ತಡೆಯಲಾಗದಿದ್ದರೆ ಎಲ್ಲರೆದುರೇ ನಿಲ್ಲಿಸಿ ಎನ್ನುತ್ತೇನೆ. ಹುಡುಗರು ನಗುತ್ತಾರೆ, ನಗಲಿ. ಪಾಠದಲ್ಲಿ ಮೂತ್ರಪಿಂಡ ಬಂದಾಗ ಹುಡುಗಿಯರನ್ನು ಮುಂದೆ ಕೂರಿಸಿಕೊಂಡು ಪುಸ್ತಕದಲ್ಲಿಲ್ಲದ್ದನ್ನೂ ಹೇಳುತ್ತೇನೆ. ಇದರಿಂದೆಲ್ಲ ಅವರೇನೂ ತಿರುಗಿ ಬರುವುದಿಲ್ಲ.

ಅಜ್ಜಿಗೆ ಮಾತ್ರ ನಾನು ಇನ್ನೂ ಹೇಳಿಲ್ಲ. ಬೇರೆ ರೂಟಿಗೆ ಹಾಕಿದ್ದಾರೆ ಎಂದು ಅಂದು ಸುಳ್ಳು ಹೇಳಿದ್ದೆ. ಅಜ್ಜಿಗೆ ಮರೆವು, ಆಗಾಗ ಕೇಳುತ್ತಾರೆ, ನಾನು ಅದನ್ನೇ ಹೇಳುತ್ತೇನೆ. ನಿನ್ನೆ ನಾನು ಹಿತ್ತಲಿನಿಂದ ಬರುವಾಗ ಹೊಸಿಲ ಮೇಲೆ ಕುಳಿತಿದ್ದ ಅಜ್ಜಿ ಸೆರಗು ಹಿಡಿದು ನಿಲ್ಲಿಸಿದರು.

"ಅಲ್ಲವ್ವ, ಆ ಕಂಡಕ್ಟರಮ್ಮಂಗೆ ಆ ರೂಟಲ್ಲಿ ಯಾರಾರ ಬಾಗ್ಲು ತೆಗೀತಾರಾ?"

ನಿಜ ಹೇಳಬೇಕೆಂದೇ ಬಾಯಿ ತೆರೆದೆ.

"ತೆಗೀತಾರೆ ಅಜ್ಜಿ."

"ಸದ್ಯ ಬುಡವ್ವ" ಎಂದು ಅಜ್ಜಿ ಸೆರಗು ಬಿಟ್ಟರು.