ತಗಡಿನ ಕೆಳಗಿನ ಬಾಣಂತಿ ಕೋಣೆ

ನಮ್ಮ ಮನೆಯ ಮಣ್ಣಿನ ಮಾಳಿಗೆ ಇಳಿಸಿದ್ದು ನಾನೇ. ಅವ್ವ ಬೇಡ ಅನ್ನಲಿಲ್ಲ, ಊರವರೂ ಬೇಡ ಅನ್ನಲಿಲ್ಲ, ಆದರೂ ನಿರ್ಧಾರ ನನ್ನದು. ತಪ್ಪಿನಲ್ಲಿ ಪಾಲು ಕೊಡಲು ಈಗ ಯಾರನ್ನಾದರೂ ಹುಡುಕುತ್ತ ಕೂತರೆ ಅದು ಹೇಡಿತನ.

ನಮ್ಮೂರು ಆಳಂದ ತಾಲ್ಲೂಕಿನಲ್ಲಿ, ಹಿರೋಳ್ಳಿಯ ಹತ್ತಿರ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಬೆಳಗಿನ ಜಾವ ಗಡಿಯಾಚೆ ನೆಲ ನಡುಗಿತು. ನಮ್ಮಲ್ಲಿ ಅಡಕಲ ಗಡಿಗೆಗಳು ಉರುಳಿದವು, ಅಷ್ಟೇ. ಆದರೆ ಅಲ್ಲಿ ಮಾಳಿಗೆಗಳ ಕೆಳಗೆ ಮಲಗಿದ್ದವರು ಏಳಲೇ ಇಲ್ಲ ಎಂಬ ಸುದ್ದಿ ಬಂತು. ನಮ್ಮದೂ ಅಂಥದ್ದೇ ಮಾಳಿಗೆ. ತೊಲೆ, ಜಂತಿ, ಹಲಗೆ, ಅದರ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮೊಳದಷ್ಟು ಬಿಳಿಮಣ್ಣು. ಪ್ರತಿ ಮಳೆಗಾಲಕ್ಕೂ ಮುಂಚೆ ಇನ್ನಷ್ಟು ಮಣ್ಣು ಏರಿಸುತ್ತ ಬಂದಿದ್ದರಿಂದ ನಮ್ಮ ತಲೆಯ ಮೇಲೆ ಎಷ್ಟು ಭಾರವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅವ್ವ ಒಂದು ತಿಂಗಳು ಅಂಗಳದಲ್ಲೇ ಮಲಗಿದಳು. ಅಪ್ಪ ತೀರಿಹೋಗಿದ್ದ. ಮನೆಗೆ ನಾನೇ ಯಜಮಾನ, ಸಾಲದ್ದಕ್ಕೆ ಊರ ಶಾಲೆಯ ಮಾಸ್ತರ. ಮಣ್ಣು ಇಳಿಸಿ ತಗಡು ಹೊದಿಸುವುದೆಂದು ತೀರ್ಮಾನಿಸಿದೆ.

ಆ ಮಾಳಿಗೆ ಕಟ್ಟಿದ್ದ ಜಿಡಗಾದ ಮುದುಕ ಗೌಂಡಿಯನ್ನೇ ಕರೆಸಿದೆ. ನಮ್ಮ ಕಡೆ ಪತ್ರಾ ಅನ್ನುವ ಆ ತಗಡುಗಳನ್ನು ಅವನು ಮುಟ್ಟಿ ನೋಡಿ ನನ್ನ ಮುಖ ನೋಡಿದ.

“ಮಾಸ್ತರ್ರೀ, ಅಂಜಿಕಿ ಬಂದದ, ಇಳಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಪತ್ರಾದ ಕೆಳಗ ಬಿದಿರಿನ ತಟ್ಟಿ ಕಟ್ಟಿ, ನಡುವ ಜ್ವಾಳದ ಕಣಕಿ ತುಂಬ್ರಿ. ಇಲ್ಲಂದ್ರ ಬ್ಯಾಸಗ್ಯಾಗ ಬೇಯ್ತೀರಿ.”

“ಕಣಕಿ ತುಂಬಿದ್ರ ಇಲಿ ಬರ್ತಾವ. ಇಲಿ ಹಿಂದ ಹಾವು ಬರ್ತದ,” ಎಂದೆ.

“ಹಂಗಾರ ಮ್ಯಾಲರೆ ಹಾಸ್ರಿ. ಹಗ್ಗ ಬಿಗದು ಕಲ್ಲು ಹೇರ್ರಿ. ಬ್ಯಾಸಗಿ ಮುಗದ ಮ್ಯಾಲ ತೆಗದು ಒಲಿಗೆ ಹಾಕಿದ್ರಾತು.”

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಹೊಸ ತಗಡಿನ ಮೇಲೆ ಜೋಳದ ಒಣದಂಟಿನ ಕಣಕಿ ಹಾಸಿದರೆ ಮಾಸ್ತರನ ಮನೆ ದನದ ಕೊಟ್ಟಿಗೆಯಂತೆ ಕಾಣುತ್ತದೆ ಎಂಬುದು ಬಾಯಿಬಿಟ್ಟು ಹೇಳದ ಉತ್ತರ. ಕಣಕಿಯ ಬದಲಿಗೆ ತಗಡಿನ ಕೆಳಗೆ ಹಾಕಲೆಂದು ಆಳಂದದ ಅಂಗಡಿಯಲ್ಲಿ ಥರ್ಮಾಕೋಲ್ ನೋಡಿ ಬಂದೆ. ಬೆಂಕಿ ತಾಗಿದರೆ ಏನು ಗತಿ ಎಂದು ಅದನ್ನೂ ಬಿಟ್ಟೆ. ಯಾವುದು ಸರಿ, ಯಾವುದು ತಪ್ಪು ಎಂದು ಕಟ್ಟೆಯ ಮೇಲೆ ಕೂತು ಪಂಡಿತನ ಹಾಗೆ ವಾದ ಮಾಡಿದ್ದೇ ಮಾಡಿದ್ದು. ಅಷ್ಟರಲ್ಲಿ ಮನೆಗೆ ಬರೀ ತಗಡು ಹೊದಿಸಿದ್ದಾಗಿ, ಚಳಿ ಬಿತ್ತು. ಚಳಿಗಾಲದಲ್ಲಿ ಯಾರಿಗೆ ಬೇಕು ಬೇಸಿಗೆಯ ಚಿಂತೆ? ಅದೇ ಚಳಿಯಲ್ಲಿ ಐದನೆಯ ತರಗತಿಗೆ ಉಷ್ಣದ ಪಾಠ ಮಾಡಿದೆ. ಲೋಹ ಬಿಸಿಯನ್ನು ಬೇಗ ದಾಟಿಸುತ್ತದೆ, ಮಣ್ಣು, ಹುಲ್ಲು ತಡೆಯುತ್ತವೆ ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ. ನನ್ನ ಮನೆ ನೆನಪಿಗೇ ಬರಲಿಲ್ಲ.

ಅಫಜಲಪುರಕ್ಕೆ ಕೊಟ್ಟಿದ್ದ ತಂಗಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಬೇಸಿಗೆ ಆಗಲೇ ಬಿರುಸಾಗಿತ್ತು. ಹೆಣ್ಣು ಕೂಸು. ಮೂಗು ಥೇಟ್ ತೀರಿಕೊಂಡ ಅಪ್ಪನದು ಎಂದು ಅವ್ವ ಅತ್ತಳು, ನಕ್ಕಳು. ಆಮೇಲೆ ತನಗೆ ತನ್ನ ಅತ್ತೆ ಮಾಡಿದ್ದನ್ನೆಲ್ಲ ಅದೇ ಕೋಣೆಯಲ್ಲಿ ಮಗಳಿಗೆ ಮಾಡಿದಳು. ಕಿಟಕಿ ಮುಚ್ಚಿದಳು, ಬಾಗಿಲಿಗೆ ಕಂಬಳಿ ಕಟ್ಟಿದಳು, ತಾಯಿಗೂ ಕೂಸಿಗೂ ಕಿವಿ ಮುಚ್ಚಿ ಬಟ್ಟೆ ಬಿಗಿದಳು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟಳು. ಮೊಳ ಮಣ್ಣಿನ ಕೆಳಗೆ ಆ ಕೋಣೆ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು, ಅಲ್ಲಿ ಆ ಕೆಂಡ ಹಿತವಾಗಿತ್ತು. ಈಗ ಮೇಲಿದ್ದದ್ದು ಬರೀ ತಗಡು. ಮಧ್ಯಾಹ್ನವಾದರೆ ಅದು ಕಾದು ಚಟಚಟ ಸದ್ದು ಮಾಡುತ್ತಿತ್ತು.

“ಅವ್ವಾ, ಬಾಗಲರೆ ತೆಗಿ ಬೇ,” ಎಂದು ತಂಗಿ ಗೋಗರೆಯುವುದು ಪಡಸಾಲೆಗೆ ಕೇಳುತ್ತಿತ್ತು.

“ಬಾಣಂತಿಗಿ ಗಾಳಿ ಹತ್ತಿದ್ರ ಜಲ್ಮಪೂರ್ತಿ ಬ್ಯಾನಿ ಬಿಡಂಗಿಲ್ಲ. ಸುಮ್ಮ ಮಲಕ್ಕೋ.”

ಬಾಣಂತಿ ಕೋಣೆ ಹೆಂಗಸರ ಕಾರುಬಾರು ಎಂದು ನಾನು ಬಾಯಿ ಹಾಕಲಿಲ್ಲ. ಗುರುವಾರ ಶಾಲೆಯಿಂದ ಬಂದಾಗ ತಂಗಿ ಕಂಬಳಿಯ ಸಂದಿಯಿಂದ ನನ್ನನ್ನು ಕರೆದಳು. ಅವಳ ಮುಖ ಕೆಂಪಗೆ ಊದಿಕೊಂಡಿತ್ತು.

“ಅಣ್ಣಾ, ಕೂಸು ಹಾಲು ಕುಡಿಯವಲ್ದು. ಮ್ಯಾಲ ನಾಕು ಸೂಡು ಕಣಕಿ ಹಾಕಸು. ಇವತ್ತೇ ಹಾಕಸು.”

“ಪರೀಕ್ಷಾ ಪೇಪರ್ ನೋಡಾಕತ್ತೇನಿ. ಐತವಾರ ಹಾಕಸ್ತೇನಿ,” ಎಂದೆ. ಗೌಂಡಿಗೂ ಭಾನುವಾರ ಬಾ ಎಂದು ಹೇಳಿ ಕಳಿಸಿದೆ. ಮೂರೇ ದಿನ ತಾನೇ ಅಂದುಕೊಂಡೆ.

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಬಂದಾಗ ಕೂಸು ಅಳುತ್ತಿರಲಿಲ್ಲ. ಮಲಗಿದೆ ಎಂದು ಅವ್ವ ಅಂದಳು. ಮುಟ್ಟಿದರೆ ಮೈ ಸುಡುತ್ತಿತ್ತು, ತುಟಿ ಒಣಗಿ ಬಿರಿದಿತ್ತು. ಊರವರೊಬ್ಬರ ಜೀಪಿನಲ್ಲಿ ಆಳಂದಕ್ಕೆ ಒಯ್ದೆವು. ಡಾಕ್ಟರು ಕೂಸನ್ನು ನೋಡಿ, ಸ್ಟೆತೊಸ್ಕೋಪು ತೆಗೆದು, ಮೆಲ್ಲಗೆ ಕೇಳಿದರು: “ಮನಿ ಮ್ಯಾಲ ಏನದರಿ?”

“ಪತ್ರಾರಿ,” ಎಂದೆ. ಅವರು ಕೂಸಿನ ಮುಖದ ಮೇಲೆ ಬಟ್ಟೆ ಎಳೆದರು.

ಹೊತ್ತು ಮುಳುಗುವ ಮೊದಲು ಹನ್ನೊಂದು ದಿನದ ಕೂಸನ್ನು ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ನನ್ನ ಎರಡು ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಅವ್ವ ಮಾತ್ರ ಒಂದೇ ಸಮನೆ, “ನಾ ಎಲ್ಲಾ ಸರಿಯಾಗೇ ಮಾಡಿನಲ್ಲೋ,” ಅನ್ನುತ್ತಿದ್ದಳು. ಅವಳು ಸರಿಯಾಗಿಯೇ ಮಾಡಿದ್ದಳು. ಅವಳ ಕೋಣೆಯನ್ನು ನಾನು ಬದಲಿಸಿದ್ದೆ, ಬದಲಿಸಿದ್ದರಿಂದ ಏನಾಗುತ್ತದೆಂದು ಹೇಳಿರಲಿಲ್ಲ.

ಮರುದಿನ ಅಫಜಲಪುರದ ಬಸ್ಸಿಗೆ ತಂಗಿಯ ಗಂಡ ಬಂದು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಆಗ ಓಣಿಯಲ್ಲಿ ಬಂಡಿಯ ಸದ್ದಾಯಿತು. ಹೇಳಿದ ಮಾತಿನಂತೆ ಗೌಂಡಿ ಬಂಡಿ ತುಂಬ ಕಣಕಿ ಹೇರಿಕೊಂಡು ಬಂದಿದ್ದ. ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ಅಂಗಳದ ಮಂದಿಯನ್ನು ನೋಡಿ ಎಲ್ಲ ತಿಳಿದು, ಎತ್ತುಗಳನ್ನು ತಿರುಗಿಸಲು ಹೋದ.

“ಹಾಸ್ರಿ,” ಎಂದೆ. ನಾನೇ ಏಣಿ ತಂದು ಗೋಡೆಗೆ ಆನಿಸಿದೆ.

ಅವನು ಒಂದೊಂದೇ ಸೂಡು ಮೇಲೇರಿಸಿ, ಕಟ್ಟು ಬಿಚ್ಚಿ ಹಾಸಿ, ಹಗ್ಗ ಬಿಗಿದು, ಕಲ್ಲು ಹೇರಿ ಇಳಿದು ಹೋದ. ಅವ್ವ ಅಗ್ಗಿಷ್ಟಿಗೆ ಹೊರಗೆ ತಂದು ಕೆಂಡಕ್ಕೆ ನೀರು ಸುರಿದಳು, ಬಾಗಿಲಿನ ಕಂಬಳಿ ಬಿಚ್ಚಿದಳು. ಸಂಜೆ ನಾನು ಧೈರ್ಯ ಮಾಡಿ ಒಳಗೆ ಹೋದೆ. ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಕೈ ಪಕ್ಕದ ಚಿಕ್ಕ ಕೌದಿಯ ಮೇಲಿತ್ತು. ಬೈಯಲಿ, ಎದ್ದು ಬಂದು ನಾಲ್ಕು ಬಾರಿಸಲಿ ಎಂದು ಕಾಯುತ್ತ ನಿಂತೆ.

ಅವಳು ಮೇಲೆ ನೋಡಿದಳು.

“ಅಣ್ಣಾ,” ಎಂದಳು, “ಈಗ ತಂಪಾತು ನೋಡು.”