ರಸೂಲನ ಊರಿಗೆ ಹಾಕಿದ ರಸ್ತೆ

ಕಾದ ಡಾಂಬರಿನ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಮಾಣಿಕ ಕಾಕಾ ನೆನಪಾಗುತ್ತಾನೆ. ರಾಜ್ಯದ ಗಡಿಯಂಚಿಗೆ, ಬೀದರ್ ಜಿಲ್ಲೆಗೆ ಹತ್ತಿದ ಮೊಗುಡಂಪಲ್ಲಿ ಕಡೆಯ ನಮ್ಮ ಊರಿನ ಶಾಲೆಗೆ ಜಹೀರಾಬಾದಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವ ಟೀಚರು ನಾನು. ಮೊನ್ನೆ ಊರ ಮುಂದೆ ರಸ್ತೆಯ ತಗ್ಗು ಮುಚ್ಚಲು ಡ್ರಮ್ಮಿನಲ್ಲಿ ಡಾಂಬರು ಕುದಿಸುತ್ತಿದ್ದರು. ಆ ಹೊಗೆ ಸೀರೆಗೆ ಹತ್ತಿದ್ದೇ ತಡ, ಈಗ ಇಲ್ಲದ ಮನೆಯೊಂದು ಕಣ್ಣೆದುರು ನಿಂತಿತು. ಹಸಿ ಉಣ್ಣೆಯ ಘಾಟು, ನಮ್ಮಜ್ಜಿ ಆಯಿ ಜೋಳದ ರೊಟ್ಟಿ ಬಡಿಯುವ ಸದ್ದು, ಹಿತ್ತಲ ಬಾವಿಯ ಗಡಗಡಿ ಕಿರುಗುಟ್ಟುವುದು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ನಮ್ಮದು ಮಾರಿ ಬಹಳ ವರ್ಷವಾಯಿತು.

ಕಾಕಾ ನಮ್ಮಪ್ಪನ ತಮ್ಮ. ನಾನು ತೊಟ್ಟಿಲಲ್ಲಿದ್ದಾಗ ಕಾಕಿಗೆ ಹೆರಿಗೆ ಬೇನೆ ಎದ್ದು, ದವಾಖಾನೆಗೆ ಒಯ್ಯುವಾಗ ಎತ್ತಿನ ಗಾಡಿ ಎರೆಮಣ್ಣಿನ ಕೆಸರಿನಲ್ಲಿ ಹೂತುಹೋಯಿತಂತೆ. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಆಮೇಲೆ ಕಾಕಾ ಕುರಿಗಳ ಹಿಂದೆ ಹೋಗುವುದು ಬಿಟ್ಟು ರಸ್ತೆ ಹಾಕುವವರ ಹಿಂದೆ ಹೋದ. ರೋಡ್ ರೋಲರ್ ಓಡಿಸಲು ಕಲಿತ. ಕಡೆಗೆ ಇರಾಕಿಗೆ ಹೋಗಿ, ಅಲ್ಲಿನ ಉತ್ತರದ ಗುಡ್ಡಗಳಲ್ಲಿ ರಸ್ತೆ ಹಾಕುವ ಕಂಪನಿ ಸೇರಿದ. ಅವನು ವಾಪಸು ಬಂದಾಗ ನನಗೆ ಒಂಬತ್ತೋ ಹತ್ತೋ. ಸಂಜೆ ಬಾವಿಕಟ್ಟೆಯ ಮೇಲೆ ಕೂತು ಅಲ್ಲಿಯ ಕಥೆ ಹೇಳುತ್ತಿದ್ದ, ನಾವು ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದೆವು.

ಆ ಗುಡ್ಡದ ಜನ ಕುರ್ದರು. ನಮ್ಮ ಹಾಗೇ ಕುರಿಯವರು, ಕಂಬಳಿಯವರು. ಮೊದಲ ಮಹಾಯುದ್ಧ ಮುಗಿದ ಮೇಲೆ ಯಾರೋ ದೊಡ್ಡವರು ನಕಾಶೆಯ ಮೇಲೆ ಗೆರೆ ಎಳೆದು ಅವರ ನಾಡನ್ನು ನಾಲ್ಕು ದೇಶಗಳಿಗೆ ಹಂಚಿದ್ದರು. ನಮ್ಮ ಮಾತು ನಮಗಿರಲಿ, ನಮ್ಮ ಆಡಳಿತ ನಮಗಿರಲಿ ಎಂದು ಅವರು ಅಂದಿನಿಂದ ಕೇಳುತ್ತಲೇ ಬಂದಿದ್ದರು. ಇರಾಕಿನ ಸರ್ಕಾರ ಒಮ್ಮೆ ಆಗಲಿ ಎಂದು ಒಪ್ಪಿ, ಆಮೇಲೆ ಮಾತು ಮುರಿದಿತ್ತು. ಇದನ್ನೆಲ್ಲ ಕಾಕಾನಿಗೆ ಹೇಳಿದವನು ರಸೂಲ್ ಎಂಬ ಕುರಿಗಾರ. ನಮ್ಮ ಉರ್ದುವಿನ ನಾನ್ ಅಂದರೆ ರೊಟ್ಟಿ, ಜಮೀನು, ದೋಸ್ತು ಮುಂತಾದ ಮಾತು ಅಲ್ಲೂ ನಡೆಯುತ್ತಿದ್ದವಂತೆ, ಉಳಿದದ್ದಕ್ಕೆ ಕೈಸನ್ನೆ.

"ಗೆರಿ ನಮ್ಮಲ್ಲೂ ಅದ, ಮನಿ ಇತ್ಲಾಗ, ಹೊಲ ಬೀದರ್ ಜಿಲ್ಲಾದಾಗ" ಎಂದು ಕಾಕಾ ಅವನ ಮುಂದೆ ಹೇಳಿಕೊಂಡಿದ್ದ. ಅದಕ್ಕೆ ರಸೂಲ್, ಗೆರೆ ದಾಟಿ ಅಕ್ಕನ ಮನೆಗೆ ಹೋದರೆ ನಿಮಗೆ ಗುಂಡು ಹೊಡೆಯುತ್ತಾರೇನು ಎಂದು ಕೇಳಿದನಂತೆ.

ರಸ್ತೆ ರಸೂಲನ ಊರು ಮುಟ್ಟಿದ ದಿನದ ಕಥೆಯನ್ನು ಮಾತ್ರ ಕಾಕಾ ನಗುನಗುತ್ತ ಹೇಳುತ್ತಿದ್ದ. "ಈ ಸಡಕ್ ಮ್ಯಾಲ ಯಾರ್ ಬರ್ತಾರ ಅಂತ ಕೇಳ್ದ ನೋಡ್ರೋ, ಹುಚ್ಚಪ್ಪ! ಬಸ್ ಬರ್ತದ, ಡಾಕ್ಟರ್ ಬರ್ತಾನ, ಬ್ಯಾನಿ ತಿನ್ನೋ ಹೆಣ್ಮಗಳು ಉಳೀತಾಳ ಅಂದೆ." ಅದನ್ನು ಕೇಳಿ ರಸೂಲ್ ಮನೆಯ ಹಿಂದಿನ ಝರಿಯಿಂದ ಒಂದು ಬಟ್ಟಲು ನೀರು ತಂದು ಕಾಕಾನ ಕೈಗೆ ಕೊಟ್ಟನಂತೆ. ಆ ನೀರಿನಂಥ ನೀರು ಈ ಜನ್ಮದಲ್ಲಿ ಕುಡಿದಿಲ್ಲ ಎನ್ನುತ್ತಿದ್ದ ಕಾಕಾ. ಕಾಕಿಯ ಹೆಸರಿನಲ್ಲಿ ಹಾಕಿದ ರಸ್ತೆ ಎಂದೇ ಅವನು ಅದನ್ನು ತಿಳಿದಿದ್ದ.

ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ತಾಂಡೂರಿನಿಂದ ಖಾಜಾಮಿಯಾ ಬಂದರು. ಕಾಕಾನ ಜೊತೆ ಅದೇ ಕಂಪನಿಯಲ್ಲಿದ್ದು, ಅವನ ನಂತರವೂ ಅಲ್ಲೇ ಉಳಿದಿದ್ದವರು. ಮಧ್ಯಾಹ್ನದ ಹೊತ್ತು. ಆಯಿ ರೊಟ್ಟಿ ಬಡಿಸಿದಳು. ಕಾಕಾ ಕೇಳಿದ ಮೊದಲ ಮಾತೇ, "ರಸೂಲ್ ಹ್ಯಾಂಗಿದ್ದಾನ?"

ಖಾಜಾಮಿಯಾ ಮುರಿದ ತುತ್ತನ್ನು ತಟ್ಟೆಗೇ ಇಟ್ಟರು. "ಆ ಊರೇ ಇಲ್ಲ, ಮಾಣಿಕಪ್ಪ. ನಾವ್ ಹಾಕಿದ್ ಸಡಕ್ ಮ್ಯಾಲೇ ಸರ್ಕಾರದ ಫೌಜಿನ ಲಾರಿ ಬಂದ್ವು. ಗಂಡಸರ್ನೆಲ್ಲ ಲಾರಿಗಿ ಹಾಕ್ಕೊಂಡ್ ಒಯ್ದ್ರು, ಒಬ್ಬಾಂವನೂ ತಿರುಗಿ ಬಂದಿಲ್ಲ. ಮನಿ ನೆಲಸಮ ಮಾಡಿ, ಮತ್ತ ಯಾರೂ ಬಂದ್ ಇರಬಾರದಂತ ಝರಿಗಿ ಸಿಮೆಂಟ್ ಸುರುವಿ ಬಂದ್ ಮಾಡ್ಯಾರ."

ಕಾಕಾ ಅವರ ಮುಖವನ್ನೇ ನೋಡಿದ. "ನೀರಿಗಾ?" ಎಂದ. ಮತ್ತೆ, "ಕುಡ್ಯಾ ನೀರಿಗಿ ಸಿಮೆಂಟ್ ಹಾಕ್ಯಾರಾ?"

ಆಯಿ ಒಲೆ ಬಿಟ್ಟು ಎದ್ದು ಹೋಗಿ, ನೀರಿನ ಕೊಡದ ಬಾಯಿಗೆ ಅಂಗೈ ಮುಚ್ಚಿ ನಿಂತಳು. ತಾನು ಯಾಕೆ ಹಾಗೆ ಮಾಡಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಸಾವು ನಮ್ಮ ಮನೆಗೆ ಹೊಸದಲ್ಲ. ಆದರೆ ಬರಗಾಲ ಕಂಡ ನಮ್ಮ ಸೀಮೆಯಲ್ಲಿ ಬದ್ಧವೈರಿಯೂ ಇನ್ನೊಬ್ಬನ ಬಾವಿಗೆ ಕೈ ಹಾಕಿದ್ದನ್ನು ನಾವು ಕೇಳಿರಲಿಲ್ಲ. ಮನುಷ್ಯರು ಹಾಗೂ ಮಾಡುತ್ತಾರೆ ಎಂಬುದು ನನ್ನ ತಲೆಗೆ ಇವತ್ತಿಗೂ ಇಳಿದಿಲ್ಲ.

ಆಮೇಲೆ ಕಾಕಾ ರೋಲರ್ ಹತ್ತಲಿಲ್ಲ. ಕಥೆಗಳೂ ನಿಂತವು. ಕೆಲವು ವರ್ಷದ ನಂತರ ನಮ್ಮೂರಿಗೂ ಡಾಂಬರು ರಸ್ತೆ ಬಂತು. ಊರೆಲ್ಲ ಹಬ್ಬದ ಸಡಗರ. ಹಲಗೆ ಬಾರಿಸಿದರು, ತೆಂಗಿನಕಾಯಿ ಒಡೆದರು. ಇಲ್ಲಿಯ ಕಾಮಗಾರಿ ನೋಡುವ ಎಂಜಿನಿಯರು ನಮ್ಮ ಬಾವಿಕಟ್ಟೆಯ ಬೇವಿನ ನೆರಳಿಗೆ ಬಂದ, ನಗುಮುಖದ ಎಳೆಯ ಹುಡುಗ. ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ ಕಾಕಾ ಎದ್ದು ನಿಂತು ಕೇಳಿದ:

"ಸಾಬ್, ಈ ಸಡಕ್ ಮ್ಯಾಲ ಯಾರ್ ಬರ್ತಾರ್ರಿ?"

ಹುಡುಗ ನಕ್ಕುಬಿಟ್ಟ. "ಇದೇನ್ ಕೇಳ್ತೀ ಕಾಕಾ? ಬಸ್ ಬರ್ತದ!"

ಕಾಕಾ ಗಡಗಡಿಗೆ ಹಗ್ಗ ಬಿಟ್ಟು ಒಂದು ಕೊಡ ನೀರು ಸೇದಿ, ತಂಬಿಗೆ ತುಂಬಿ ಅವನ ಕೈಗೆ ಕೊಟ್ಟ. ಆ ಹುಡುಗ ಕುಡಿದು ಮುಗಿಸುವವರೆಗೂ ಕಾಕಾನ ಕಣ್ಣು ಬಾವಿಯೊಳಗೇ ಇತ್ತು.

ಕಾಕಾ ಹೋದ, ಆಯಿ ಹೋದಳು, ಕುರಿಗಳೂ ಇಲ್ಲ. ಶಾಲೆ ಬಿಟ್ಟ ಮೇಲೆ ನಾನು ಅದೇ ರಸ್ತೆಯ ಬದಿಗೆ ಬಸ್ಸಿಗಾಗಿ ಕಾಯುತ್ತೇನೆ. ದೂರದಲ್ಲಿ ಧೂಳೆದ್ದು ಏನೋ ದೊಡ್ಡದು ತಿರುವಿನಲ್ಲಿ ಬರುವಾಗ, ನೀವು ನಗಬೇಡಿ, ಎದೆ ಒಮ್ಮೆ ನಿಂತುಹೋಗುತ್ತದೆ. ಹತ್ತಿರ ಬಂದಾಗ ನೋಡಿದರೆ ಬಸ್ಸೇ. ಇಷ್ಟು ವರ್ಷ ದಿನಾಲೂ ಬಸ್ಸೇ ಬಂದಿದೆ.