ಅಪ್ಪನ ಕಟ್ಟಿಂಗ್

ಅವತ್ತು ಮುಂಜಾನೆ ಅಪ್ಪ ಅರ್ಧ ಮುಖಕ್ಕೆ ಮಾತ್ರ ದಾಡಿ ಮಾಡಿಕೊಂಡು ಹೊರಗೆ ಬಂದ. ಬಲಗಲ್ಲ ನುಣ್ಣಗಿತ್ತು. ಎಡಗಲ್ಲದ ಮೇಲೆ ಸೋಪಿನ ನೊರೆ ಹಾಗೇ ಇತ್ತು. "ಆತು, ಚಾ ಕೊಡು" ಅಂದ. ಇದ್ಯಾವ ಹೊಸ ಸ್ಟೈಲಪ್ಪಾ ಎಂದು ನಕ್ಕೆ. ಕನ್ನಡಿ ಹಿಡಿದು ತೋರಿಸಿದೆ. "ಎಲ್ಲಾ ಮಾಡೀನಲ್ಲ" ಅಂದ. ಆಮೇಲೆ ಎಡಗಾಲು ಎತ್ತಲಾಗದೆ ಹೊಸ್ತಿಲಲ್ಲೇ ಕುಸಿದ.

ನಾನು ನಕ್ಕಿದ್ದೆ.

ಸಿಂಧನೂರಿನ ದವಾಖಾನೆ ಮುಟ್ಟುವಷ್ಟರಲ್ಲಿ ಎಡಗೈಯೂ ಹೋಗಿತ್ತು. ಸಿಟಿ ಸ್ಕ್ಯಾನ್ ಆಯಿತು. ಮಿದುಳಿನ ಬಲಭಾಗದಲ್ಲಿ ಕ್ಲಾಟ್. ಸ್ಟ್ರೋಕ್ ಅಂದರು. ಡಾಕ್ಟರು ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು, ಎರಡೆರಡು ಸಲ ಬಿಡಿಸಿ ಹೇಳಿದರು: "ಕಣ್ಣು ಸರಿ ಇದೆ. ಎಡಗಡೆಗೆ ಅವರ ಲಕ್ಷ್ಯವೇ ಹೋಗ್ತಿಲ್ಲ. ನಿಧಾನಕ್ಕೆ ಸುಧಾರಿಸಬಹುದು." ಒಂಬತ್ತು ದಿನಕ್ಕೆ ಡಿಸ್ಚಾರ್ಜ್ ಮಾಡಿದರು. ಬ್ಲಡ್ ಥಿನ್ನರ್ ಗುಳಿಗೆ ಬರೆದುಕೊಟ್ಟು, ರಕ್ತ ತೆಳ್ಳಗಾಗಿರುತ್ತದೆ, ಗಾಯವಾದರೆ ಬೇಗ ನಿಲ್ಲುವುದಿಲ್ಲ, ರೇಜರ್ ಕೈಗೆ ಕೊಡಬೇಡಿ ಎಂದರು.

ನಾನು ಊರಿಂದಲೇ ಮಸ್ಕಿಯ ಶಾಲೆಗೆ ಹೋಗಿಬರುವ ಟೀಚರ್. ರಜೆ ಹಾಕಿದೆ. ಗುಳಿಗೆ, ಫಿಸಿಯೋಥೆರಪಿ, ಹೊರಳಿಸಿ ಮಲಗಿಸುವುದು, ಎಲ್ಲಾ ನಾನು ಮತ್ತು ಅವ್ವ ಕಲಿತೆವು. ದಾಡಿಗೆ ಟ್ರಿಮ್ಮರ್ ತಂದೆ. ತಲೆಗೆ ಅದನ್ನು ಹಚ್ಚಲು ಅಪ್ಪ ಬಿಡಲಿಲ್ಲ. ತೊದಲುತ್ತಲೇ ಹೇಳಿದ, "ಕುರಿ ಉಣ್ಣೆ ಬೋಳಿಸಿದಂಗ ತಗೀಬ್ಯಾಡ. ಕತ್ತರೀಲೇ ಆಗಬೇಕು."

ಒಂದೂವರೆ ತಿಂಗಳಿಗೆ ಕೂದಲು ಕಿವಿ ಮುಚ್ಚಿತು. ಬಿಸಿಲು, ಬೆವರು. ದಿಂಬಿಗೆ ಒತ್ತುವ ಜಾಗದಲ್ಲಿ ಗುಳ್ಳೆ ಎದ್ದು ಕೀವಾಯಿತು. ಕೂದಲು ತೆಗೆಸದೆ ಮುಲಾಮು ಹಚ್ಚಿ ಉಪಯೋಗವಿಲ್ಲ ಎಂದು ಮನೆಗೆ ಬಂದ ನರ್ಸ್ ಹೇಳಿ ಹೋದರು.

ಅಷ್ಟೇ ತಾನೆ ಅನ್ನಿಸಬಹುದು. ನಮಗೆ ಅದು ಅಷ್ಟೇ ಅಲ್ಲ.

ಸಣ್ಣವಳಿದ್ದಾಗ ಅಪ್ಪ ಬಹಳ ಷೋಕಿಯ ಮನುಷ್ಯ ಅಂದುಕೊಂಡಿದ್ದೆ. ಹದಿನೈದು ದಿನಕ್ಕೊಮ್ಮೆ ಐತವಾರ ಇಸ್ತ್ರಿ ಅಂಗಿ ಹಾಕಿ, ಬಸ್ ಹತ್ತಿ, ಸಿಂಧನೂರಿಗೆ ಹೋಗಿ ಕಟ್ಟಿಂಗ್ ಮಾಡಿಸಿಕೊಂಡು ಬರುತ್ತಿದ್ದ. ನಮ್ಮಪ್ಪನಿಗೆ ಹಳ್ಳಿ ಕಟ್ಟಿಂಗ್ ಆಗಿಬರಲ್ಲ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚುತ್ತಿದ್ದೆ. ಏಳನೇ ಇಯತ್ತೆಯಲ್ಲಿ ಒಬ್ಬಳು ಖರೆ ಕಾರಣ ಬಾಯಿಬಿಟ್ಟು ಹೇಳಿದಳು. ನಾವು ಬೌದ್ಧರು. ಊರಿಗೆ ಮಾತ್ರ ಇನ್ನೂ ಕೇರಿಯವರು. ಊರಿನ ಅಂಗಡಿಯಲ್ಲಿ ನಮ್ಮ ತಲೆಗೆ ಕತ್ತರಿ ಇಡುವುದಿಲ್ಲ. ಯಾರೂ ಹಾಗಂತ ಬೋರ್ಡ್ ಹಾಕಿಲ್ಲ. ಹೋದರೆ ಬ್ಲೇಡ್ ಖಾಲಿ, ಇಲ್ಲಾ ಕರೆಂಟ್ ಇಲ್ಲ.

ಅಪ್ಪ ಕರೆಂಟ್ ಆಫೀಸಿನ ಲೈನ್‌ಮನ್ ಆಗಿದ್ದ. ಆ ಅಂಗಡಿಗೆ ಮೀಟರ್ ಕೂರಿಸಿದವನೇ ಅವನು. ಆ ಕುರ್ಚಿಯಲ್ಲಿ ಒಮ್ಮೆಯೂ ಕೂತವನಲ್ಲ.

ಸಿಂಧನೂರಿನಲ್ಲಿ ಅವನ ಕೂದಲು ತೆಗೆಯುತ್ತಿದ್ದವರು ಖಾಜಾಸಾಬರು. ಅವರು ಕಣ್ಣು ಮಂದವಾಗಿ ಅಂಗಡಿ ಮುಚ್ಚಿ ಲಿಂಗಸುಗೂರಿಗೆ, ಮಗಳ ಮನೆಗೆ ಹೋಗಿದ್ದರು. ಅಪ್ಪನನ್ನು ಬೇರೆ ಅಂಗಡಿಗೆ ಒಯ್ಯೋಣವೆಂದರೆ ಕಾರಿನಲ್ಲಿ ಹತ್ತು ನಿಮಿಷ ಕೂತರೆ ವಾಂತಿ. ಅದಕ್ಕೇ ನಮ್ಮೂರಿನ ಅಂಗಡಿಯ ವೀರೇಶನನ್ನು ಕೇಳಿದೆ. ಹಾಸಿಗೆ ಹಿಡಿದ ಮುದುಕರಿಗೆ ಅವನು ಮನೆಗೇ ಹೋಗಿ ಕಟ್ಟಿಂಗ್ ಮಾಡುತ್ತಾನೆ. ನಾಳೆ ಅಂದ. ಮರುದಿನ ಮತ್ತೆ ನಾಳೆ ಅಂದ. ಮೂರನೆಯ ದಿನ ನಾನು ಅಂಗಡಿ ಮುಂದೆ ನಿಂತುಬಿಟ್ಟೆ. ಪಕ್ಕಕ್ಕೆ ಕರೆದು ತಲೆ ತಗ್ಗಿಸಿ ಹೇಳಿದ: "ಕಾಕಾರ ಮ್ಯಾಲ ನಂದೇನಿಲ್ರೀ ಟೀಚರ್. ನಾ ಬಂದೆ ಅಂದ್ರ ಉಳದ ಗಿರಾಕಿ ಬರಂಗಿಲ್ಲ. ನಸಿಕಿನ್ಯಾಗ ಬರ್ತೀನಿ, ಯಾರೂ ಎದ್ದಿರಂಗಿಲ್ಲ. ಹಿಂದಿನ ಬಾಗಲಾ ತಗದಿಡ್ರಿ."

ನಾನು ಹೂಂ ಅಂದೆ. ನಾಚಿಕೆಯಾಗುತ್ತದೆ, ಆದರೆ ಖರೆ. ಆ ಗಳಿಗೆ ನನಗೆ ಕೀವು ಮಾತ್ರ ಕಾಣುತ್ತಿತ್ತು.

ಅಪ್ಪ "ಬ್ಯಾಡ" ಅಂದ.

"ತಲಿ ಹುಣ್ಣಾಗ್ಯಾದ, ಈಗೆಲ್ಲಿ ಮಾನ ಹಿಡ್ಕೊಂಡು ಕುಂತಿ?" ಎಂದು ರೇಗಿದೆ.

"ಅವರ ಮನಿಗೆ ಕರೆಂಟ್ ಕೊಡಾಕ ನಾ ಹಗಲೇ ಹೋಗೀನಿ. ಅಂವ ಕಳ್ಳರಂಗ ಬರೋದು ಬ್ಯಾಡ."

"ಹಂಗಾರ ಕೇಸ್ ಹಾಕ್ತೀನಿ."

ಮಾತು ಕೂಡಿಸಲು ಅಪ್ಪನಿಗೆ ವೇಳೆ ಹಿಡಿಯುತ್ತದೆ. "ಕೇಸ್ ಹಾಕಿ ಕರಸಿದವನ ಕತ್ತರಿಗೆ ನನ್ನ ಕುತ್ತಿಗಿ ಕೊಡ್ಲೇನು?" ಅಂದ. ಕೇಸ್ ಹಾಕುವುದೇ ಸರಿ ಎಂದು ಈಗಲೂ ನನಗೆ ಅನ್ನಿಸುತ್ತದೆ. ಆದರೆ ಕುತ್ತಿಗೆ ಅವನದು.

ಆ ಸಿಟ್ಟಿನಲ್ಲೇ ಮರುದಿನ ಹೊಲಿಗೆ ಕತ್ತರಿ ಹಿಡಿದು ನಾನೇ ಕೂತೆ. ಎಡಕಿವಿಯ ಹತ್ತಿರ ಕತ್ತರಿ ಬಂದಾಗ ಅಪ್ಪ ತಟ್ಟನೆ ತಲೆ ತಿರುಗಿಸಿದ.

ಕಿವಿಯ ಅಂಚು ಕತ್ತರಿಸಿತು.

ಇಷ್ಟೇ ಗಾಯ. ರಕ್ತ ನಿಲ್ಲಲಿಲ್ಲ. ಒತ್ತಿ ಹಿಡಿದ ಅರಿವೆ ನೆನೆಯಿತು, ಇನ್ನೊಂದು ನೆನೆಯಿತು. ಅವ್ವ ಗೋಡೆಗೆ ಆನಿಕೊಂಡು ಕೂತುಬಿಟ್ಟಳು. ಡಾಕ್ಟರಿಗೆ ಫೋನ್ ಮಾಡಿದರೆ ಬಿಡದೆ ಒತ್ತಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ ಅಂದರು. ಮುಕ್ಕಾಲು ತಾಸು ಹಿಡಿದೆ. ಎಡಗಡೆಯ ಲಕ್ಷ್ಯವಿಲ್ಲದ ಅಪ್ಪನಿಗೆ ನಾನು ಯಾಕೆ ಅಳುತ್ತಿದ್ದೇನೆ ಎಂಬುದೂ ಗೊತ್ತಾಗಲಿಲ್ಲ.

ರಕ್ತ ನಿಂತ ಮೇಲೆ ಖಾಜಾಸಾಬರಿಗೆ ಫೋನ್ ಹಚ್ಚಿದೆ. ಎಲ್ಲಾ ಕೇಳಿ ಒಂದೇ ಮಾತು ಹೇಳಿದರು: "ನನ್ನ ಕಡಿ ಬಾ ಬೇಟಿ."

ಲಿಂಗಸುಗೂರಿನಲ್ಲಿ ಮಗಳ ಮನೆ ಕಟ್ಟೆಯ ಮೇಲೆ ಕೂತು, ಹೆಗಲಿಗೆ ಟವೆಲ್ ಹೊದ್ದುಕೊಂಡು, ತಮ್ಮದೇ ಕತ್ತರಿ ನನ್ನ ಕೈಗೆ ಕೊಟ್ಟರು. "ನನ್ನ ತಲಿ ಮ್ಯಾಲೇ ಕಲಿ. ಕೆಟ್ಟರ ಟೋಪಿ ಐತಿ." ಕಣ್ಣು ಮಂದ, ಕಿವಿ ಚುರುಕು. ಕತ್ತರಿಯ ಸಪ್ಪಳ ಕೇಳಿಯೇ ತಪ್ಪು ಹಿಡಿಯುತ್ತಿದ್ದರು. ಕತ್ತರಿ ತರುವ ಮೊದಲು ಎಡಗೈಯಿಂದ ಕಿವಿ ಮಡಚಿ ಮುಚ್ಚಬೇಕು, ಅದು ಮೊದಲ ಪಾಠ. ಎರಡು ಸಲ ಹೋದೆ. ಮುಗಿದಾಗ ಅವರ ತಲೆ ನೋಡುವಂತಿರಲಿಲ್ಲ. ಮಗಳು ನಕ್ಕಳು, ಅವರೂ ನಕ್ಕರು. ಕತ್ತರಿ ವಾಪಸ್ ಇಸಿದುಕೊಳ್ಳಲಿಲ್ಲ.

ಮುಂದಿನ ಐತವಾರ ಮುಂಜಾನೆ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದೆ. ಒಳಗೇ ಮಾಡು ಅಂದಳು ಅವ್ವ. ಅಪ್ಪ "ಹೊರಗ" ಅಂದ. ಮನೆ ಮುಂದೆ, ದಾರಿಗೆ ಕಾಣುವಂತೆ, ನಾನು ಕಿವಿ ಮಡಚಿ ಹಿಡಿದು ಶುರು ಮಾಡಿದೆ.

ಅರ್ಧ ಆಗಿರಬೇಕು. ದಾರಿಯಲ್ಲಿ ಬೈಕ್ ನಿಂತಿತು. ವೀರೇಶ. ಇಳಿಯಲಿಲ್ಲ, ಒಂದು ಕಾಲು ನೆಲಕ್ಕೂರಿ ನೋಡುತ್ತಾ ನಿಂತ. ಕಡೆಗೆ ತಡೆಯಲಾರದೆ ಹೇಳಿದ, "ಹಿಂದ ಬಾಚಣಿಗಿ ಅಡ್ಡ ಹಿಡೀರಿ ಟೀಚರ್. ಹಂಗ ಸೀದಾ ಹಿಡದ್ರ ಮೆಟ್ಟಲ ಬೀಳತಾವ."

ಅಪ್ಪ ತಲೆ ಎತ್ತಿದ. "ಬಾ. ಹಿಡದ ತೋರ್ಸು ಬಾ."

ವೀರೇಶ ಊರ ಕಡೆ ನೋಡಿದ. ನಮ್ಮ ಓಣಿ ಕಡೆ ನೋಡಿದ. "ಅಂಗಡ್ಯಾಗ ಗಿರಾಕಿ ಕುಂತಾರ್ರಿ ಕಾಕಾ" ಅಂದ. ಬೈಕ್ ಚಾಲೂ ಮಾಡಿಕೊಂಡು ಹೋದ.

ಕತ್ತರಿ ಎಸೆದುಬಿಡಬೇಕು ಅನ್ನಿಸಿತು. ನಾನು ಇಷ್ಟು ದೂರ ಹೋಗಿ ಕಲಿತು ಬಂದದ್ದರಿಂದ ನಮ್ಮ ತಲೆ ಮುಟ್ಟದಿರಲು ಈ ಊರಿಗೆ ಅನುಕೂಲವೇ ಆಯಿತಲ್ಲ ಎಂದು ಹೊಟ್ಟೆ ಉರಿಯಿತು. ಹುಣ್ಣು ಈಗ ಒಣಗಿದೆ, ಡಾಕ್ಟರಿಗೂ ಖಾಜಾಸಾಬರಿಗೂ ನಾನು ಋಣಿ. ಆದರೆ ಆ ಉರಿ ಇನ್ನೂ ಇದೆ.

"ಕೈ ಯಾಕ ನಿಂತತು?" ಅಂದ ಅಪ್ಪ.

ನಾನು ಅವನ ಹೆಗಲ ಮೇಲಿನ ಕೂದಲು ಕೊಡವಿದೆ.

"ಅಂವ ಹೇಳಿದ್ದು ಖರೆ ಐತಿ, ಯವ್ವಾ. ಕಸುಬು ಗೊತ್ತೈತಿ ಅಂವಗ. ಅಡ್ಡ ಹಿಡಿ."

ಅಡ್ಡ ಹಿಡಿದೆ. ಕೂದಲು ಸಮನಾಗಿ ಬಂತು.